14 ಎಲೆ, 16 ಎಲೆ: ಪದವಿ ಕಾಲೇಜಿನ ಒಂದು ಗಣಿತ ಉಪನ್ಯಾಸದ ಪ್ರಕರಣ ಅಧ್ಯಯನ

ಹೊರಗಿನಿಂದ ಒಬ್ಬರನ್ನು ಕರೆಸಿ ಗಣಿತದ ವಿಶೇಷ ಉಪನ್ಯಾಸ ಮಾಡಿಸುವುದಕ್ಕೆ ನಮ್ಮ ಪದವಿ ಕಾಲೇಜುಗಳಲ್ಲಿ ಒಂದು ಅಚ್ಚು ಇದೆ. ಡಿಸೆಂಬರ್ 22 ಹತ್ತಿರ ಬಂದಾಗ ಎಲ್ಲರಿಗೂ ನೆನಪಾಗುತ್ತದೆ. ಅದು ರಾಮಾನುಜನ್ ಹುಟ್ಟಿದ ದಿನ, ಈಗ ರಾಷ್ಟ್ರೀಯ ಗಣಿತ ದಿನ. ಸೆಮಿನಾರ್ ಹಾಲ್ ಗುಡಿಸುತ್ತಾರೆ, ಬ್ಯಾನರ್ ಬರುತ್ತದೆ, ಪ್ರಾರ್ಥನೆ, ಸ್ವಾಗತ, ದೀಪ, ಪರಿಚಯ, ಶಾಲು, ಹಾರ, ಅಧ್ಯಕ್ಷರ ಮಾತು. ಇಷ್ಟೆಲ್ಲ ಮುಗಿದ ಮೇಲೆ ಗಣಿತಕ್ಕೆ ಉಳಿಯುವುದು ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ 1729 ಬರಲೇಬೇಕು, ಆ ನಂಬರಿನ ಟ್ಯಾಕ್ಸಿಯಲ್ಲಿ ಹಾರ್ಡಿ ರಾಮಾನುಜನ್‌ರನ್ನು ನೋಡಲು ಬಂದ ಕಥೆ ಬರಲೇಬೇಕು. ಕೊನೆಗೆ ವಂದನಾರ್ಪಣೆ, ಜಿಯೋ ಟ್ಯಾಗ್ ಹಾಕಿದ ಫೋಟೋ, ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನ ಕಡತಕ್ಕೆ ಒಂದು ವರದಿ.

ನಾನು ಹೇಳಹೊರಟಿರುವುದು ಈ ಅಚ್ಚನ್ನು ಸ್ವಲ್ಪ ಬದಿಗಿಟ್ಟು, ಇಸ್ಪೀಟು ಎಲೆ ಕಲೆಸುವುದರಿಂದ ಬೀಜಗಣಿತ ತೋರಿಸಿದ ಒಂದು ಉಪನ್ಯಾಸದ ಬಗ್ಗೆ. ತಾಲೂಕು ಊರಿನ ಒಂದು ಪ್ರಥಮ ದರ್ಜೆ ಕಾಲೇಜು, ನಾನು ಅಲ್ಲಿನ ಗಣಿತ ವಿಭಾಗದಲ್ಲಿದ್ದೇನೆ. ಕಾಲೇಜಿನ ಹೆಸರು ಬೇಡ. ಬಿ.ಎಸ್ಸಿ. ಹುಡುಗ ಹುಡುಗಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರು. ಸಂಜೆ ಬಸ್ಸು ತಪ್ಪಿದರೆ ಮನೆ ಸೇರುವುದು ಕಷ್ಟ, ಹಾಗಾಗಿ ನಾಲ್ಕು ಗಂಟೆಯ ನಂತರ ಏನೇ ಕಾರ್ಯಕ್ರಮ ಇಟ್ಟರೂ ಕಣ್ಣೆಲ್ಲ ಗಡಿಯಾರದ ಮೇಲೆ.

ಹಿಂದಿನ ವರ್ಷ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ, ಯಾಕಂದ್ರೆ ಬದಲಾವಣೆ ಬೇಕು ಅಂತ ಅನ್ನಿಸಿದ್ದು ಅದರಿಂದ. ಒಂದು ವಿಶ್ವವಿದ್ಯಾಲಯದಿಂದ ಪ್ರೊಫೆಸರ್ ಒಬ್ಬರು ಬಂದಿದ್ದರು. ಒಳ್ಳೆಯ ವಿದ್ವಾಂಸರು, ಅದರಲ್ಲಿ ಎರಡು ಮಾತಿಲ್ಲ. ಆಕಾರಗಳನ್ನು ಎಳೆದು ಬಗ್ಗಿಸಿದರೂ ಬದಲಾಗದ ಗುಣಗಳ ಗಣಿತವಾದ ಟೊಪಾಲಜಿಯಲ್ಲಿ ಈಚೆಗೆ ಏನು ನಡೀತಿದೆ ಅಂತ ಸ್ಲೈಡ್ ಹಾಕಿ ಇಂಗ್ಲಿಷಿನಲ್ಲಿ ಮಾತಾಡಿದರು. ನಮ್ಮವರು ಇನ್ನೂ ಟೊಪಾಲಜಿ ಅನ್ನುವ ಪೇಪರನ್ನೇ ಕಂಡವರಲ್ಲ. ಹಾಲ್ ಖಾಲಿ ಕಾಣಬಾರದು ಅಂತ ಬಿ.ಎ., ಬಿ.ಕಾಂ. ಕ್ಲಾಸಿನವರನ್ನೂ ಕರೆತಂದು ಕೂರಿಸಿದ್ದರು. ಪ್ರಶ್ನೆ ಕೇಳಿ ಅಂದಾಗ ಯಾರೂ ಏಳಲಿಲ್ಲ, ಕೊನೆಗೆ ಒಬ್ಬ ಮೇಷ್ಟ್ರೇ ಎದ್ದು ಮರ್ಯಾದೆ ಉಳಿಸುವ ಒಂದು ಪ್ರಶ್ನೆ ಕೇಳಿದರು. ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಮಾತ್ರ ಎಲ್ಲರದ್ದೂ 'ಎಕ್ಸಲೆಂಟ್'.

ಈ ಸಲ ಬೀಜಗಣಿತ ಪೇಪರ್ ತಗೊಳ್ಳುವ ಮೇಡಂ ಒಂದು ಪಟ್ಟು ಹಿಡಿದರು. ಅವರು ಅತಿಥಿ ಉಪನ್ಯಾಸಕಿ. ವರ್ಷ ವರ್ಷ ಮತ್ತೆ ಅರ್ಜಿ ಹಾಕಿ, ಕೌನ್ಸೆಲಿಂಗ್ ಮುಗಿಸಿ ಬರಬೇಕಾದವರು. ಆದರೂ ಹುಡುಗರು ಎಲ್ಲಿ ಎಡವುತ್ತಾರೆ ಅಂತ ಚೆನ್ನಾಗಿ ಗೊತ್ತಿದ್ದದ್ದು ಅವರಿಗೇ. ಅವರ ಮಾತು ಇಷ್ಟೇ: "ಸರ್, ಗ್ರೂಪ್ ಥಿಯರಿಯಲ್ಲಿ ಎಲಿಮೆಂಟಿನ ಆರ್ಡರ್ ಮುಗಿಸಿದ್ದೀನಿ, ಲಗ್ರಾಂಜ್ ಪ್ರಮೇಯವೂ ಆಯ್ತು. ವ್ಯಾಖ್ಯೆ ಕೇಳಿದ್ರೆ ಪಟಪಟ ಹೇಳ್ತಾರೆ. ಆದ್ರೆ ಅದು ಯಾತಕ್ಕೆ ಅಂತ ಒಬ್ಬರಿಗೂ ಗೊತ್ತಿಲ್ಲ. ಬರೋರು ಅಲ್ಲಿಂದ ಶುರು ಮಾಡೋ ಹಾಗಿದ್ರೆ ಕರೆಸಿ." (ಗ್ರೂಪ್ ಅಂದ್ರೆ ಒಳಗಿನ ಯಾವ ಎರಡನ್ನು ಗುಣಿಸಿದರೂ ಒಳಗೇ ಉಳಿಯುವ, ಗುಣಿಸಿದ್ದನ್ನು ಹಿಂತಿರುಗಿಸಲೂ ಬರುವ ಕೂಟ. ಅದರ ಒಂದೊಂದು ಸದಸ್ಯ ಎಲಿಮೆಂಟ್. ಅದರ ಎಷ್ಟನೇ ಘಾತಕ್ಕೆ ಮೊದಲ ಸಲ 1 ಬರುತ್ತದೋ ಅದು ಅದರ ಆರ್ಡರ್.)

ಎಲ್ಲ ಕಾಲೇಜುಗಳಲ್ಲೂ ಇದೇ ಪಾಡು ಅಂತ ಕಾಣುತ್ತದೆ. 2021-22ರಲ್ಲಿ ಎನ್‌ಇಪಿ, ಅಂದ್ರೆ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ ಅಂತ ಆಯಿತು. ಪಠ್ಯ ಬದಲಾದಾಗಲೆಲ್ಲ ಪೋರ್ಷನ್ ಮುಗಿಸುವ ಗಡಿಬಿಡಿ. ಪ್ರಮೇಯ, ಸಾಧನೆ, ಎರಡು ಲೆಕ್ಕ, ಮುಂದಿನದು. ಅದರ ನಡುವೆ "ಇದು ಯಾಕೆ ಬೇಕು" ಅಂತ ನಿಂತು ಮಾತಾಡಲು ಪುರುಸೊತ್ತು ಎಲ್ಲಿ? ಹೊರಗಿನವರು ಬಂದು ಮಾಡಬೇಕಾದ ಕೆಲಸ ಅದೇ ಅಂತ ನನ್ನ ಅಭಿಪ್ರಾಯ. ಹೊಸ ವಿಷಯ ತಂದು ಸುರಿಯುವುದಲ್ಲ. ಕ್ಲಾಸಿನಲ್ಲಿ ಅರ್ಧ ಬೆಂದದ್ದನ್ನು ಪೂರ್ತಿ ಬೇಯಿಸಿಕೊಡುವುದು.

ವಿಷಯದ ಬಗ್ಗೆ ವಿಭಾಗದಲ್ಲಿ ಸ್ವಲ್ಪ ಜಗ್ಗಾಟ ಆಯಿತು. ಒಬ್ಬರು ಕಾಪ್ರೇಕರ್ ಸ್ಥಿರಾಂಕ ಇಡೋಣ ಅಂದರು. ನಾಸಿಕ್ ಹತ್ತಿರದ ದೇವಳಾಲಿಯ ಶಾಲಾ ಮೇಷ್ಟ್ರು ಡಿ.ಆರ್. ಕಾಪ್ರೇಕರ್ ಕಂಡುಹಿಡಿದ 6174ರ ಆಟ. ನಾಲ್ಕು ಅಂಕೆಗಳನ್ನು ಇಳಿಕೆ ಕ್ರಮದಲ್ಲಿ ಒಮ್ಮೆ, ಏರಿಕೆ ಕ್ರಮದಲ್ಲಿ ಒಮ್ಮೆ ಬರೆದು ಕಳೆಯುತ್ತ ಹೋದರೆ, ಅಂಕೆಗಳೆಲ್ಲ ಒಂದೇ ಆಗಿರದಿದ್ದರೆ, ಏಳು ಹೆಜ್ಜೆಯೊಳಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಚೆಂದ ಇದೆ, ನನಗೂ ಇಷ್ಟ. ಆದರೆ ಹುಡುಗರು ಆಡಿ ನಕ್ಕು ಮನೆಗೆ ಹೋಗುತ್ತಾರೆ, ಮರುದಿನದ ಕ್ಲಾಸಿಗೂ ಅದಕ್ಕೂ ಕೊಂಡಿ ಇಲ್ಲ. ಹೈಸ್ಕೂಲಿಗೆ ಸರಿ, ಗ್ರೂಪ್ ಥಿಯರಿ ಓದುತ್ತಿರುವವರಿಗೆ ಬೇರೆ ಏನಾದರೂ ಬೇಕು. ವೇದ ಗಣಿತ ಅಂತ ಇನ್ನೊಂದು ಸಲಹೆಯೂ ಬಂತು. ಅದನ್ನು ಕೂತಲ್ಲೇ ಬಿಟ್ಟೆವು.

ಕರೆಸಿದ್ದು ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿರುವ ಒಬ್ಬ ಹುಡುಗನನ್ನು. ನಮ್ಮ ಪಕ್ಕದ ತಾಲೂಕಿನವರೇ, ಕನ್ನಡದಲ್ಲಿ ಸಲೀಸಾಗಿ ಗಣಿತ ಮಾತಾಡಬಲ್ಲವರು. ನಮ್ಮ ಮೇಡಂ ಆ ಹುಡುಗನಿಗೆ ಫೋನ್ ಮಾಡಿ, ನೋಟ್ಸಿನ ಫೋಟೋ ತೆಗೆದು ಕಳಿಸಿ, ಹುಡುಗರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ಮೊದಲೇ ತಿಳಿಸಿದರು. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಈ ಫೋನ್ ಮಾತು. ಸಾಮಾನ್ಯವಾಗಿ ಅತಿಥಿಗೂ ಆ ಪೇಪರ್ ತಗೊಳ್ಳುವವರಿಗೂ ನೇರ ಮಾತೇ ಆಗುವುದಿಲ್ಲ. ಆಹ್ವಾನ ಹೋಗುವುದು ಪ್ರಾಂಶುಪಾಲರ ಲೆಟರ್‌ಹೆಡ್‌ನಲ್ಲಿ, ವಿಷಯ "ತಮ್ಮ ಆಯ್ಕೆಯದು".

ಅವರು ಆರಿಸಿಕೊಂಡದ್ದು ಇಸ್ಪೀಟು ಎಲೆ ಕಲೆಸುವ ಗಣಿತ. ಇಲ್ಲಿ ಒಂದು ತಕರಾರು ಎದ್ದಿತು. ಪ್ರಾಂಶುಪಾಲರಿಗೆ ಹೇಳಿದಾಗ ಅವರ ಮುಖ ಗಂಟಾಯಿತು. "ಕಾಲೇಜೊಳಗೆ ಇಸ್ಪೀಟಾ? ನಾಳೆ ಯಾರಾದ್ರೂ ಫೋಟೋ ಹೊಡೆದು ಅಂದರ್ ಬಾಹರ್ ಅಂತ ಹಾಕಿದ್ರೆ?" ಅವರ ಭಯವೂ ಸುಳ್ಳಲ್ಲ, ನಮ್ಮ ಕಡೆ ಇಸ್ಪೀಟು ಅಂದ್ರೆ ಪೊಲೀಸ್ ದಾಳಿಯ ಸುದ್ದಿಯೇ ನೆನಪಾಗುವುದು. ದಾರಿ ತೋರಿಸಿದ್ದು ವಿದ್ಯಾರ್ಥಿಗಳೇ. ಮನೆಯಲ್ಲಿ ರಾಶಿ ಬಿದ್ದಿದ್ದ ಹಳೆ ಲಗ್ನಪತ್ರಿಕೆಗಳನ್ನು ತಂದು, ಒಂದೇ ಅಳತೆಗೆ ಕತ್ತರಿಸಿ, ಹಿಂದೆ ಸ್ಕೆಚ್ ಪೆನ್ನಿನಲ್ಲಿ ಸಂಖ್ಯೆ ಬರೆದರು. ಗಟ್ಟಿ ಕಾಗದ, ಚೆನ್ನಾಗಿ ಕೂರುತ್ತದೆ. ಒಂದು ಕಡೆ "ಚಿ.ಸೌ." ಅಂತ ಬಂಗಾರದ ಅಕ್ಷರ, ಇನ್ನೊಂದು ಕಡೆ 11.

ಉಳಿದ ಏರ್ಪಾಡು ಸಣ್ಣದು. ಸೆಮಿನಾರ್ ಹಾಲ್ ಬೇಡ, ಬೋರ್ಡು ಇರುವ ಕ್ಲಾಸ್‌ರೂಮೇ ಸಾಕು. ಗಣಿತದ ಮೂರನೇ ಮತ್ತು ಐದನೇ ಸೆಮಿಸ್ಟರಿನವರು ಮಾತ್ರ. ಬೆಳಿಗ್ಗೆ ಹತ್ತೂವರೆಗೆ ಶುರು, ನಡುವೆ ಚಹಾ, ಊಟದ ಹೊತ್ತಿಗೆ ಮುಗಿತಾಯ. ಸಭಾ ಕಾರ್ಯಕ್ರಮ ಪೂರ್ತಿ ಬಿಡಲು ಪ್ರಾಂಶುಪಾಲರು ಒಪ್ಪಲಿಲ್ಲ, ಅದನ್ನು ಕೊನೆಗೆ ಹತ್ತು ನಿಮಿಷಕ್ಕೆ ತಳ್ಳಿದೆವು. ಹೀಗೆ ಮಾಡಿದ್ದರಿಂದ ಇನ್ನೊಂದು ಲಾಭವಾಯಿತು. ಮೊದಲೇ ಭಾಷಣ ಮಾಡಿ ಎದ್ದು ಹೋಗಬೇಕಾಗಿದ್ದ ಪ್ರಾಂಶುಪಾಲರು ಕೊನೆಯ ಅರ್ಧ ಗಂಟೆ ಹಿಂದಿನ ಬೆಂಚಿನಲ್ಲಿ ಕೂತು ಕೇಳಬೇಕಾಯಿತು.

ಈಗ ಒಳಗೆ ನಡೆದದ್ದು.

ಬಂದವರು ತಮ್ಮ ಸಂಶೋಧನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಪ್ರತಿ ಬೆಂಚಿಗೂ 8 ಎಲೆ ಕೊಟ್ಟರು, 0ಯಿಂದ 7ರ ವರೆಗೆ. ಕಟ್ಟನ್ನು ಸರಿಯಾಗಿ ಎರಡು ಪಾಲು ಮಾಡಿ, ಮೇಲಿನ ಪಾಲಿನಿಂದ ಒಂದು, ಕೆಳಗಿನ ಪಾಲಿನಿಂದ ಒಂದು, ಹೀಗೆ ಒಂದರ ನಡುವೆ ಒಂದು ಪೋಣಿಸಿ ಅಂದರು. ಮೊದಲಿನದು ಮೊದಲೇ ಇರಬೇಕು, ಕೊನೆಯದು ಕೊನೆಯಲ್ಲೇ. ಒಂದು ಸಲ ಕಲೆಸಿದಾಗ ಬಂದದ್ದು 0 4 1 5 2 6 3 7. ಎರಡನೇ ಸಲ 0 2 4 6 1 3 5 7. ಮೂರನೇ ಸಲ 0 1 2 3 4 5 6 7, ಎಲ್ಲಾ ವಾಪಸ್. ಒಂದಿಬ್ಬರು ತಪ್ಪಾಗಿ ಪೋಣಿಸಿ "ನಮ್ದು ಬರ್ಲಿಲ್ಲ ಸರ್" ಅಂತ ಕೂಗಿದರು, ಪಕ್ಕದವರು ತಿದ್ದಿದರು. ಐದು ನಿಮಿಷದಲ್ಲಿ ಕ್ಲಾಸಿನಲ್ಲಿ ಗದ್ದಲ ಶುರುವಾಗಿತ್ತು, ಹಿಂದಿನ ವರ್ಷ ಇದೇ ಹುಡುಗರಲ್ಲಿ ಹಲವರು ಸೆಮಿನಾರ್ ಹಾಲಿನಲ್ಲಿ ತೂಕಡಿಸಿದ್ದರು.

ಆಮೇಲೆ ಅವರು ಅರ್ಧ ಕ್ಲಾಸಿಗೆ 14 ಎಲೆ, ಇನ್ನರ್ಧಕ್ಕೆ 16 ಎಲೆ ಕೊಟ್ಟು ಕೇಳಿದರು: ಯಾರದ್ದು ಬೇಗ ವಾಪಸ್ ಬರುತ್ತದೆ? ಎಲ್ಲರೂ 14 ಅಂದರು. ಎಲೆ ಕಮ್ಮಿ ಇದ್ದರೆ ಬೇಗ ಬರಬೇಕು, ಅಲ್ವಾ? 16 ಎಲೆಯವರು ನಾಲ್ಕನೇ ಸಲಕ್ಕೆ ಮುಗಿಸಿ ಕೈ ಎತ್ತಿದರು. 14ರವರು ಕಲೆಸುತ್ತಲೇ ಇದ್ದರು. ಐದು, ಆರು, ಏಳು. ಎಂಟಾದ ಮೇಲೆ ನಾವೇ ಎಲ್ಲೋ ತಪ್ಪಿದ್ದೀವಿ ಅಂತ ಮೊದಲಿನಿಂದ ಶುರು ಮಾಡಿದರು. ಅತಿಥಿ ಸುಮ್ನೆ ನಿಂತು ನೋಡುತ್ತಿದ್ದರು, ಬಾಯಿ ಬಿಡಲಿಲ್ಲ. ನನಗೆ ಆ ಸುಮ್ಮನಿರುವಿಕೆ ತುಂಬಾ ಹಿಡಿಸಿತು, ನಾವಾಗಿದ್ದರೆ ಅಷ್ಟು ಹೊತ್ತಿಗೆ ಉತ್ತರ ಹೇಳಿಬಿಡುತ್ತಿದ್ದೆವು. ಕಡೆಗೆ ಒಂದು ಬೆಂಚಿನ ಹುಡುಗಿಯರು ಹುಷಾರಾಗಿ ಎಣಿಸಿ ಹೇಳಿದರು: 12.

ಚಹಾ ಬಂತು. ಯಾರೂ ಹೊರಗೆ ಹೋಗಲಿಲ್ಲ, ಲೋಟ ಹಿಡಿದುಕೊಂಡೇ 10 ಎಲೆ, 12 ಎಲೆ ಅಂತ ಪ್ರಯೋಗ ನಡೆಸಿದರು. 10ಕ್ಕೆ 6 ಸಲ, 12ಕ್ಕೆ 10 ಸಲ.

ಚಹಾ ಆದ ಮೇಲೆ ಬೋರ್ಡು. ಎಲ್ಲಾ ಎಲೆಗಳನ್ನು ನೋಡಬೇಡಿ, 1 ಅಂತ ಬರೆದಿರುವ ಎಲೆ ಎಲ್ಲಿಗೆ ಹೋಗುತ್ತದೆ ಅದನ್ನಷ್ಟೇ ನೋಡಿ ಅಂದರು. ಜಾಗಗಳನ್ನು 0ಯಿಂದ ಎಣಿಸಿದರೆ, 8 ಎಲೆಯ ಆಟದಲ್ಲಿ ಅದು ಮೊದಲು 2ನೇ ಜಾಗಕ್ಕೆ, ಆಮೇಲೆ 4ಕ್ಕೆ, ಆಮೇಲೆ 8ಕ್ಕೆ ಹೋಗಬೇಕಿತ್ತು. ಆದರೆ 8ನೇ ಜಾಗ ಇಲ್ಲ, 1ಕ್ಕೆ ಬಂತು. ಒಬ್ಬ ಹುಡುಗ "7ರಿಂದ ಭಾಗಿಸಿ ಶೇಷ ಇಟ್ಕೋಬೇಕು ಸರ್" ಅಂದ. ಅಷ್ಟೇ ನೋಡಿ ಗುಟ್ಟು. ಒಂದು ಸಲ ಕಲೆಸುವುದು ಅಂದ್ರೆ ಎಲೆಯ ಜಾಗವನ್ನು 2ರಿಂದ ಗುಣಿಸಿ, ಒಟ್ಟು ಎಲೆಗಿಂತ ಒಂದು ಕಮ್ಮಿ ಇರುವ ಸಂಖ್ಯೆಯಿಂದ ಭಾಗಿಸಿ ಶೇಷ ತಗೊಳ್ಳುವುದು. 2ನ್ನು ಎಷ್ಟು ಸಲ ಗುಣಿಸಿದರೆ ಶೇಷ 1 ಬರುತ್ತದೆ? ಅಷ್ಟು ಸಲ ಕಲೆಸಿದರೆ 1ನೇ ಎಲೆ ಮನೆಗೆ ಬರುತ್ತದೆ, ಅದು ಬಂದರೆ ಉಳಿದವೂ ಬಂದ ಹಾಗೆಯೇ.

ಬೋರ್ಡಿನ ಮೇಲೆ ಎರಡು ಸಾಲು ಬರೆಸಿದರು. 16 ಎಲೆಗೆ 15ರಿಂದ ಶೇಷ: 2, 4, 8, 1. 14 ಎಲೆಗೆ 13ರಿಂದ ಶೇಷ: 2, 4, 8, 3, 6, 12, 11, 9, 5, 10, 7, 1. ಎರಡನೇ ಸಾಲಿನಲ್ಲಿ 1ರಿಂದ 12ರ ವರೆಗಿನ ಎಲ್ಲಾ ಸಂಖ್ಯೆಗಳೂ ಒಂದೊಂದು ಸಲ ಬಂದಿವೆ ಅಂತ ಗಮನಿಸಿದ್ದು ಮೂರನೇ ಸೆಮಿಸ್ಟರಿನ ಒಬ್ಬ ಹುಡುಗಿ. ಅಲ್ಲಿಗೆ ಮೇಡಂ ತಡೆಯಲಾಗದೆ ಪಕ್ಕದಿಂದಲೇ ಕೇಳಿಬಿಟ್ಟರು, "ಹೋದ ವಾರ ನಾವು ಇದಕ್ಕೆ ಏನಂತ ಕರೆದ್ವಿ?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಾಲ್ಕೈದು ಕಡೆಯಿಂದ ಒಟ್ಟಿಗೆ ಬಂತು: ಆರ್ಡರ್. ಜನರೇಟರ್. ಸೈಕ್ಲಿಕ್ ಗ್ರೂಪ್. ತನ್ನ ಘಾತಗಳಿಂದಲೇ ಇಡೀ ಗ್ರೂಪನ್ನು ಸುತ್ತಿ ಬರುವ ಎಲಿಮೆಂಟು ಜನರೇಟರ್, ಅಂಥದ್ದು ಇರುವ ಗ್ರೂಪು ಸೈಕ್ಲಿಕ್. ಬಾಯಿಪಾಠವಾಗಿದ್ದ ಮಾತುಗಳು, ಎಲ್ಲಿ ಬಳಸಬೇಕು ಅಂತ ಗೊತ್ತಿರಲಿಲ್ಲ, ಈಗ ಕೈಯಲ್ಲಿ ಲಗ್ನಪತ್ರಿಕೆ ಹಿಡಿದುಕೊಂಡು ಅವರೇ ಹೇಳುತ್ತಿದ್ದರು.

ಎಲೆ ಯಾವಾಗಲೂ ವಾಪಸ್ ಬಂದೇ ಬರುತ್ತದೆ ಅಂತ ಏನು ಗ್ಯಾರಂಟಿ ಅಂತ ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಕಟ್ಟಿನಲ್ಲಿ ಎಲೆ ಸಮ ಸಂಖ್ಯೆಯಲ್ಲಿ ಇರುತ್ತದೆ, ಒಂದು ಕಳೆದರೆ ಬೆಸ, ಬೆಸ ಸಂಖ್ಯೆಗೂ 2ಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಹಾಗಾಗಿ ಆ ಬೆಸ ಸಂಖ್ಯೆಯ ಜೊತೆ ಸಾಮಾನ್ಯ ಅಪವರ್ತನ ಇಲ್ಲದ ಶೇಷಗಳ ಗುಣಾಕಾರದ ಗ್ರೂಪಿನೊಳಗೆ 2 ಇದ್ದೇ ಇರುತ್ತದೆ, ಸೀಮಿತ ಗ್ರೂಪಿನಲ್ಲಿ ಪ್ರತಿ ಎಲಿಮೆಂಟಿಗೂ ಒಂದು ಆರ್ಡರ್ ಇದ್ದೇ ಇರುತ್ತದೆ. ಇಷ್ಟನ್ನು ಅತಿಥಿ ಎರಡು ನಿಮಿಷದಲ್ಲಿ ಹೇಳಿದರು.

ಇಡೀ 52 ಎಲೆಯ ಕಟ್ಟಿಗೆ ಎಷ್ಟು? 51ರಿಂದ ಶೇಷ ನೋಡಬೇಕು. 2, 4, 8, 16, 32, 64 ಅಂದ್ರೆ 13, ಆಮೇಲೆ 26, ಆಮೇಲೆ 52 ಅಂದ್ರೆ 1. ಎಂಟು ಸಲ. ಇದು ಇಸ್ಪೀಟಿನ ಜಾದೂ ಮಾಡುವವರಿಗೆ ಬಹಳ ಹಿಂದಿನಿಂದ ಗೊತ್ತಿರುವ ವಿಷಯ. ಹೀಗೆ ತಪ್ಪದೆ ಎಂಟು ಸಲ ಕೈಯಲ್ಲಿ ಕಲೆಸಲು ಮಾತ್ರ ವರ್ಷಗಟ್ಟಲೆ ಅಭ್ಯಾಸ ಬೇಕು. ಇಲ್ಲಿ ಅವರು ಪರ್ಸಿ ಡಯಾಕೊನಿಸ್ ಬಗ್ಗೆ ಹೇಳಿದರು. 14ನೇ ವಯಸ್ಸಿಗೆ ಮನೆ ಬಿಟ್ಟು ಜಾದೂಗಾರನೊಬ್ಬನ ಹಿಂದೆ ಹೋದ ಹುಡುಗ, ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಗಣಿತದ ಪ್ರೊಫೆಸರ್ ಆದದ್ದು. 1983ರಲ್ಲಿ ರೊನಾಲ್ಡ್ ಗ್ರಹಾಂ ಮತ್ತು ವಿಲಿಯಂ ಕ್ಯಾಂಟರ್ ಜೊತೆ ಸೇರಿ ಇದೇ ಕಲೆಸುವಿಕೆಯ ಗ್ರೂಪುಗಳ ಬಗ್ಗೆ ಅವರು ಪ್ರಬಂಧ ಬರೆದಿದ್ದಾರೆ. ರಾಮಾನುಜನ್ ಕಥೆಯನ್ನು ನೂರು ಸಲ ಕೇಳಿದ ಹುಡುಗರಿಗೆ ಇದು ಹೊಸದು, ಕಿವಿ ನಿಮಿರಿತು.

ಆಗ ಹಿಂದಿನ ಬೆಂಚಿನಿಂದ ಪ್ರಾಂಶುಪಾಲರ ಪ್ರಶ್ನೆ ಬಂತು. ಅವರು ವಾಣಿಜ್ಯ ವಿಭಾಗದವರು. "ಜೋಕರ್ ಎರಡೂ ಸೇರಿಸಿದ್ರೆ?" ರಮ್ಮಿ ಆಡದವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ, ಕ್ಲಾಸ್ ಪೂರ್ತಿ ನಕ್ಕಿತು, ಅವರೂ ನಕ್ಕರು.

ಆ ದಿನದ ಅತ್ಯುತ್ತಮ ಹದಿನೈದು ನಿಮಿಷ ಶುರುವಾದದ್ದು ಇಲ್ಲಿಂದ. 54 ಎಲೆ, ಅಂದ್ರೆ 53ರಿಂದ ಶೇಷ. ಹುಡುಗರು ದುಪ್ಪಟ್ಟು ಮಾಡುತ್ತ ಹೊರಟರು. ಹತ್ತಾಯಿತು, ಹದಿನೈದಾಯಿತು, 1 ಬರುವ ಲಕ್ಷಣವೇ ಇಲ್ಲ. ಅತಿಥಿ ಅವರನ್ನು ನಿಲ್ಲಿಸಿ ಕೇಳಿದರು: "ಹೀಗೆ ಒಂದೊಂದೇ ಮಾಡ್ಬೇಕಾ? ಲಗ್ರಾಂಜ್ ಏನು ಹೇಳ್ತಾನೆ?" ಎಲಿಮೆಂಟಿನ ಆರ್ಡರ್ ಗ್ರೂಪಿನ ಆರ್ಡರನ್ನು, ಅಂದ್ರೆ ಅದರಲ್ಲಿರುವ ಎಲಿಮೆಂಟುಗಳ ಸಂಖ್ಯೆಯನ್ನು, ಭಾಗಿಸಬೇಕು. 53 ಅವಿಭಾಜ್ಯ, ಗ್ರೂಪಿನಲ್ಲಿ 52 ಎಲಿಮೆಂಟು. ಹಾಗಾದರೆ ಉತ್ತರ 1, 2, 4, 13, 26, 52, ಈ ಆರರಲ್ಲಿ ಒಂದು. ಬೇರೆ ಯಾವುದೂ ಆಗಲು ಸಾಧ್ಯವೇ ಇಲ್ಲ. 2ರ ನಾಲ್ಕನೇ ಘಾತ 16, ಅಲ್ಲಿಗೆ 1, 2, 4 ಮೂರೂ ಹೊರಗೆ. ಆರನೇ ಘಾತ 64, ಶೇಷ 11. ಹನ್ನೆರಡನೆಯದು 121, ಶೇಷ 15. ಹದಿಮೂರನೆಯದು 30. ಇಪ್ಪತ್ತಾರನೆಯದು 900, ಶೇಷ 52, ಅಂದ್ರೆ ಮೈನಸ್ ಒಂದು. 13 ಅಲ್ಲ, 26 ಅಲ್ಲ. ಉಳಿದದ್ದು 52.

ಎರಡು ಜೋಕರ್ ಸೇರಿದ ಮಾತ್ರಕ್ಕೆ 8 ಇದ್ದದ್ದು 52 ಆಯಿತು. ಒಬ್ಬರೂ ಎಲೆ ಮುಟ್ಟಲಿಲ್ಲ, ಐದಾರು ಗುಣಾಕಾರದಲ್ಲಿ ಮುಗಿಯಿತು. ಪ್ರಮೇಯ ಅಂದ್ರೆ ಸಾಧನೆ ಬರೆದು ಆರು ಅಂಕ ತಗೊಳ್ಳುವುದು ಅಂತ ಇದ್ದವರಿಗೆ, ಅದು ಕೆಲಸ ಉಳಿಸುವ ಸಾಧನ ಅಂತ ಕಂಡದ್ದು ಆಗ. ಇದನ್ನು ನಾನು ಬೋರ್ಡಿನ ಮುಂದೆ ನಿಂತು ಹೇಳಿದ್ದರೆ ತಲೆಯಾಡಿಸುತ್ತಿದ್ದರು ಅಷ್ಟೇ. ಹದಿನೈದು ಸಲ ದುಪ್ಪಟ್ಟು ಮಾಡಿ ಸುಸ್ತಾದ ಮೇಲೆ ಕೇಳಿದ್ದರಿಂದ ಅದಕ್ಕೆ ಬೆಲೆ ಬಂತು.

ಮುಗಿಸುವ ಮೊದಲು ಅತಿಥಿ ಒಂದು ಪ್ರಶ್ನೆ ಬಿಟ್ಟರು. 14 ಎಲೆ, 54 ಎಲೆಯ ಹಾಗೆ, 2 ಇಡೀ ಗ್ರೂಪನ್ನೇ ಸುತ್ತಿ ಬರುವ ಅವಿಭಾಜ್ಯ ಸಂಖ್ಯೆಗಳು ಎಷ್ಟಿವೆ, ಅನಂತವಾಗಿ ಇವೆಯೇ? ಇದು ಗಣಿತಜ್ಞ ಆರ್ಟಿನ್ 1927ರಲ್ಲಿ ಮಾಡಿದ ಊಹೆಯ ಒಂದು ತುಣುಕು, ಇವತ್ತಿಗೂ ಬಗೆಹರಿದಿಲ್ಲ. 1986ರಲ್ಲಿ ಹೀತ್-ಬ್ರೌನ್ ತೋರಿಸಿದ ಪ್ರಕಾರ 2, 3, 5 ಈ ಮೂರರಲ್ಲಿ ಒಂದಕ್ಕಾದರೂ ಹೌದು, ಆದರೆ ಯಾವುದಕ್ಕೆ ಅಂತ ಹೇಳಲು ಆಗಿಲ್ಲ. "ಯಾರಿಗೂ ಗೊತ್ತಿಲ್ವಾ ಸರ್?" ಅಂತ ಮುಂದಿನ ಬೆಂಚಿನಿಂದ ಬಂದ ಧ್ವನಿಯಲ್ಲಿ ಸ್ವಲ್ಪ ಅನುಮಾನವೇ ಇತ್ತು. ಗಣಿತದಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆ ಇರುತ್ತದೆ ಅಂತಲೇ ಅವರಿಗೆ ಯಾರೂ ಹೇಳಿರಲಿಲ್ಲ.

ಎಲ್ಲವೂ ಚೆನ್ನಾಗಿ ಆಯಿತು ಅಂತೇನಲ್ಲ. ಐದನೇ ಸೆಮಿಸ್ಟರಿನ ಕೆಲವರಿಗೆ ಇದು ಮುಟ್ಟಲಿಲ್ಲ. ಬಿ.ಎಡ್., ಪೊಲೀಸ್ ಪರೀಕ್ಷೆ ಅಂತ ಅವರ ತಲೆ ಬೇರೆ ಕಡೆ ಇತ್ತು, "ಎಕ್ಸಾಮಿಗೆ ಬರುತ್ತಾ" ಅಂತ ಒಬ್ಬ ನೇರವಾಗಿಯೇ ಕೇಳಿದ. ಅವನನ್ನು ದೂರುವಂತಿಲ್ಲ. ಮುಂದೆ ಓದುವ ದಾರಿಯ ಬಗ್ಗೆ ಅತಿಥಿ ಹೇಳಿದ್ದೂ ಅವಸರವಾಯಿತು. 1993ರಲ್ಲಿ ಎಸ್. ಕುಮರೇಶನ್ ಶುರು ಮಾಡಿದ ಎಂಟಿಟಿಎಸ್ ಅನ್ನುವ ಗಣಿತದ ಬೇಸಿಗೆ ಶಿಬಿರ, ಆಯ್ಕೆಯಾದವರಿಗೆ ಊಟ ವಸತಿ ಉಚಿತ. ಐಐಟಿಗಳಲ್ಲಿ ಎಂ.ಎಸ್ಸಿ.ಗೆ ಜಾಮ್ ಪರೀಕ್ಷೆ. ಇವೆರಡನ್ನೂ ನಮ್ಮಲ್ಲಿ ಬಹಳಷ್ಟು ಜನ ಕೇಳಿಯೇ ಇರಲಿಲ್ಲ. ಅದಕ್ಕೆ ಬೇರೆಯೇ ಒಂದು ಗಂಟೆ ಇಡಬೇಕು.

ಫೀಡ್‌ಬ್ಯಾಕ್ ಫಾರ್ಮ್ ಜೊತೆ ಈ ಸಲ ಹೆಸರಿಲ್ಲದ ಒಂದು ಚೀಟಿಯನ್ನೂ ಕೊಟ್ಟಿದ್ದೆವು: ಇವತ್ತು ಅರ್ಥವಾಗದೆ ಉಳಿದದ್ದು ಏನು? ಹಲವು ಖಾಲಿ ಬಂದವು. ಒಂದರಲ್ಲಿ ಹೀಗಿತ್ತು: 8 ಎಲೆಯಲ್ಲಿ 0ಗೂ 7ಕ್ಕೂ 7ರಿಂದ ಭಾಗಿಸಿದರೆ ಶೇಷ 0, ಹಾಗಾದರೆ ಎರಡೂ ಒಂದೇ ಜಾಗಕ್ಕೆ ಹೋಗಬೇಕಲ್ಲ, ಯಾಕೆ ಹೋಗಲ್ಲ? ನಿಜವಾದ ತಕರಾರು. ಆ ನಿಯಮ ಕೊನೆಯ ಎಲೆಗೆ ಅನ್ವಯಿಸುವುದಿಲ್ಲ, ಅದು ಇದ್ದಲ್ಲೇ ಇರುತ್ತದೆ ಅಂತ ಬೇರೆಯಾಗಿ ಹೇಳಬೇಕು. ಉಪನ್ಯಾಸದಲ್ಲಿ ಅದನ್ನು ಹೇಳದೆ ದಾಟಿದ್ದರು, ಕೂತಿದ್ದ ನಮಗ್ಯಾರಿಗೂ ಹೊಳೆದಿರಲಿಲ್ಲ. ಮೇಡಂ ಮುಂದಿನ ಕ್ಲಾಸನ್ನು ಆ ಚೀಟಿಯಿಂದಲೇ ಶುರು ಮಾಡಿದರು. ಅದೇ ಕ್ಲಾಸಿನಲ್ಲಿ ಇಬ್ಬರು ಹುಡುಗಿಯರು ಇನ್ನೊಂದು ಬಗೆಯ ಕಲೆಸುವಿಕೆ ತಂದರು. ಮೊದಲ ಎಲೆಯನ್ನೂ ಒಳಗೆ ತಳ್ಳಿದರೆ 8 ಎಲೆಗೆ 3ರ ಬದಲು 6 ಸಲ ಬೇಕಾಗುತ್ತದೆ. ಜಾಗಗಳನ್ನು 1ರಿಂದ ಎಣಿಸಿ 9ರಿಂದ ಶೇಷ ನೋಡಬೇಕು ಅಂತಲೂ ಅವರೇ ಕಂಡುಕೊಂಡಿದ್ದರು.

ಇಂಟರ್ನಲ್ಸ್‌ನಲ್ಲಿ 17ರ ಗುಣಾಕಾರದ ಗ್ರೂಪಿನಲ್ಲಿ 2ರ ಆರ್ಡರ್ ಕೇಳಿದರು. ಉತ್ತರ 8. ಮೊದಲಾಗಿದ್ದರೆ ಎಲ್ಲರೂ 2, 4, 8, 16 ಅಂತ ಸಾಲಾಗಿ ಬರೆಯುತ್ತಿದ್ದರು. ಈ ಸಲ ಕೆಲವರು 16ರ ಭಾಜಕಗಳನ್ನು ಮೊದಲು ಪಟ್ಟಿ ಮಾಡಿ, ನಾಲ್ಕನೇ ಘಾತ 16, ಅಂದ್ರೆ ಮೈನಸ್ ಒಂದು, ಹಾಗಾಗಿ 8 ಅಂತ ಎರಡೇ ಸಾಲಿನಲ್ಲಿ ಮುಗಿಸಿದ್ದರು. ಎಲ್ಲರೂ ಅಲ್ಲ, ಆದರೂ ಹಿಂದಿನ ವರ್ಷದ ಉಪನ್ಯಾಸದಿಂದ ಉತ್ತರ ಪತ್ರಿಕೆಯಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಅತಿಥಿಯ ಬಸ್ ಚಾರ್ಜಿನ ಬಿಲ್ಲು ಒಂದು ಸಲ ವಾಪಸ್ ಬಂತು, ಅಚ್ಚಾದ ಆಹ್ವಾನ ಪತ್ರಿಕೆ ಲಗತ್ತಿಸಿಲ್ಲ ಅಂತ. ಕ್ಲಾಸ್‌ರೂಮಿನಲ್ಲಿ ನಡೆಸಿದ್ದಕ್ಕೆ ಪತ್ರಿಕೆ ಯಾಕೆ ಅಚ್ಚು ಹಾಕಿಸಬೇಕು ಅಂತ ವಾದ ಮಾಡುವ ಬದಲು ಕಂಪ್ಯೂಟರಿನಲ್ಲೇ ಒಂದು ಪುಟ ಮಾಡಿ, ಮೊಹರು ಹಾಕಿ ಕಳಿಸಿದೆವು.

ಮೇಡಂ ಮುಂದಿನ ವರ್ಷ ಇಲ್ಲೇ ಇರುತ್ತಾರೋ ಇಲ್ಲವೋ, ಅದು ಕೌನ್ಸೆಲಿಂಗ್ ಪಟ್ಟಿಗೆ ಬಿಟ್ಟದ್ದು. ಅವರು ಹೋದರೆ ಅತಿಥಿಗೆ ಫೋನ್ ಮಾಡಿ ನೋಟ್ಸು ಕಳಿಸುವವರು ಯಾರು ಅನ್ನುವುದಕ್ಕೆ ನಮ್ಮ ಹತ್ತಿರ ಇನ್ನೂ ಉತ್ತರ ಇಲ್ಲ. ಸದ್ಯಕ್ಕೆ ಅವರಿಂದಲೇ ಎರಡು ಪುಟ ಬರೆಸಿ ಇಟ್ಟುಕೊಂಡಿದ್ದೇವೆ: ಹುಡುಗರು ಎಲ್ಲಿ ನಿಂತಿದ್ದರು, ಯಾವ ಪ್ರಶ್ನೆಗೆ ಎಚ್ಚೆತ್ತರು, ಯಾವುದು ಬಾಕಿ. ಮುಂದಿನ ಸೆಮಿಸ್ಟರಿಗೆ ರಿಯಲ್ ಅನಾಲಿಸಿಸ್ ಬಗ್ಗೆ ಯಾರನ್ನಾದರೂ ಕರೆಸುವ ಮಾತಿದೆ. ಆ ಪೇಪರ್ ತಗೊಳ್ಳುವವರು ಇಂಥದ್ದೇ ಒಂದು ಪುಟ ಬರೆದು ಕೊಟ್ಟ ಮೇಲೆಯೇ ದಿನಾಂಕ ಗೊತ್ತು ಮಾಡುವುದು ಅಂತ ವಿಭಾಗದ ಸಭೆಯ ನಡಾವಳಿಯಲ್ಲಿ ಬರೆಸಿದ್ದೇವೆ.